ಕಡಲಿಲ್ಲದವರ ಕಡಲಾಟ

ಬೆಲಾರುಸ್‌ಗೆ ಕಡಲಿಲ್ಲ!

ನಂಬಿಕೆ ಬರದೆ ಅಟ್ಲಾಸ್ ತೆಗೆದು, ಆ ದೇಶದ ಗಡಿಯ ಮೇಲೆ ಬೆರಳಿಟ್ಟು ಪೂರ್ತಿ ಒಂದು ಸುತ್ತು ಹಾಕಿದೆ. ಪೋಲೆಂಡ್, ಲಿಥುವೇನಿಯಾ, ಲಾಟ್ವಿಯಾ, ರಷ್ಯಾ, ಉಕ್ರೇನ್, ಮತ್ತೆ ಪೋಲೆಂಡ್. ಬೆರಳಿಗೆ ಎಲ್ಲಿಯೂ ನೀಲಿ ಬಣ್ಣ ಸೋಕಲಿಲ್ಲ. ಚಳಿಗಾಲ ಬಂದರೆ ಕೆರೆ ಹೊಳೆಗಳೆಲ್ಲ ಹೆಪ್ಪುಗಟ್ಟುವ ನಾಡು ಅದು. ಅಂಥ ನಾಡಿನ ಹುಡುಗರು 2025ರ ಮೇ 11ರಂದು ಹಿಂದೂ ಮಹಾಸಾಗರದ ನಡುವಿನ ಸೇಶೆಲ್ಸ್ ದ್ವೀಪದೇಶದಲ್ಲಿ, ಬರಿಗಾಲಲ್ಲಿ, ಬಿಸಿ ಮರಳಿನ ಮೇಲೆ ಬೀಚ್ ಸಾಕರ್ ವಿಶ್ವಕಪ್ಪಿನ ಫೈನಲ್ ಆಡಿದರು. ಎದುರಿಗಿದ್ದದ್ದು ಯಾರು? ಬ್ರೆಜಿಲ್! ಈ ಆಟವನ್ನು ಹೆತ್ತು ಸಾಕಿದ ಬ್ರೆಜಿಲ್, ಕೋಪಕಬಾನದ ದಂಡೆಯ ಬ್ರೆಜಿಲ್. ಕೊನೆಗೆ ಲೆಕ್ಕ ನಿಂತದ್ದು 4-3ಕ್ಕೆ. ಬ್ರೆಜಿಲ್ ತನ್ನ ಏಳನೆಯ ಕಪ್ಪು ಎತ್ತಿಕೊಂಡಿತು, ನಿಜ. ಆದರೆ ಒಂದೇ ಒಂದು ಗೋಲು! ಸಮುದ್ರವೇ ಇಲ್ಲದ ದೇಶ, ಸಮುದ್ರದಂಡೆಯ ಆಟದ ಲೋಕಕಿರೀಟಕ್ಕೆ ಒಂದು ಗೋಲಿನಷ್ಟು ಹತ್ತಿರ ಹೋಗಿ ನಿಂತಿತ್ತು.

ಅವತ್ತು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಯಾಕೆಂದರೆ ನಾನು ನಾಯಕನಹಟ್ಟಿಯವನು. ನಮ್ಮೂರಿಂದ ಪಡುವಣ ಕಡಲಿಗೆ ನೇರ ಗೆರೆ ಎಳೆದರೂ ಇನ್ನೂರು ಕಿಲೋಮೀಟರಿಗೆ ಮೇಲೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಕಾಣುವ ತಾಲ್ಲೂಕುಗಳಲ್ಲಿ ನಮ್ಮ ಚಳ್ಳಕೆರೆಯೂ ಒಂದು. ಶೇಂಗಾ ಹೊಲ, ಕುರಿಮಂದೆ, ಅಮೃತಮಹಲ್ ಕಾವಲು, ಜಾಲಿಯ ಗಿಡ, ಅದರಾಚೆ ಬಂಡೆಗುಡ್ಡ: ಕಣ್ಣು ಹಾಯಿಸಿದರೆ ಕಾಣುವುದು ಇಷ್ಟು. ಬೀಚ್ ಎಂಬುದು ಶಾಲೆಯ ಪ್ರವಾಸದಲ್ಲಿ ಒಮ್ಮೆ ನೋಡಿ, ಜೇಬಿನಲ್ಲಿ ಕಪ್ಪೆಚಿಪ್ಪು ತುಂಬಿಕೊಂಡು ಬರುವ ಜಾಗ ಎಂದೇ ತಿಳಿದವನಿಗೆ ಬೆಲಾರುಸ್ ಕೊಟ್ಟ ಪೆಟ್ಟು ಸಣ್ಣದಲ್ಲ.

ಮಾರನೆಯ ಬೆಳಗ್ಗೆ ಸೋದರಮಾವನಿಗೆ ಹೇಳಿದೆ. ಅವರು ಹಲ್ಲುಜ್ಜುತ್ತಿದ್ದ ಬೇವಿನಕಡ್ಡಿ ಬಾಯಿಂದ ತೆಗೆದರು.

"ಅಲ್ಲ ಅಳಿಯಾ, ಸಮುದ್ರ ಇಲ್ದೋರು ಸಮುದ್ರದ ದಂಡೆ ಆಟ ಹೆಂಗ್ ಕಲ್ತ್ರು?"

ಅದೇ ಪ್ರಶ್ನೆ! ಅದರ ಬೆನ್ನು ಹತ್ತಿ ಹೋದಂತೆ ಬೆರಗಿನ ಮೇಲೆ ಬೆರಗು.

ಸ್ವಿಟ್ಜರ್‌ಲ್ಯಾಂಡ್ ನೋಡಿ. ಹಿಮಗುಡ್ಡ, ಹಸು, ಗಡಿಯಾರ, ಚಾಕಲೇಟು. ಕಡಲು? ಇಲ್ಲ. ಆದರೂ 2009ರಲ್ಲಿ ದುಬೈಯಲ್ಲಿ ನಡೆದ ವಿಶ್ವಕಪ್ಪಿನ ಫೈನಲಿಗೆ ಬಂದ ತಂಡ ಅದು. ಆ ಕೂಟದಲ್ಲಿ ಡೇಯನ್ ಸ್ಟಾಂಕೋವಿಚ್ ಎಂಬ ಸ್ವಿಸ್ ಆಟಗಾರ ಒಬ್ಬನೇ 16 ಗೋಲು ಹೊಡೆದ. ಹದಿನಾರು! 2021ರಲ್ಲಿ ಅದೇ ದೇಶ ಲೋಕಕ್ಕೆ ಮೂರನೆಯದು. ಪರಾಗ್ವೆ ನೋಡಿ. ದಕ್ಷಿಣ ಅಮೆರಿಕದ ಹೊಟ್ಟೆಯೊಳಗೆ ಕೂತ, ನಾಲ್ಕೂ ಕಡೆ ನೆಲವೇ ಇರುವ ದೇಶ. 2019ರ ವಿಶ್ವಕಪ್ಪನ್ನು ಅದು ತನ್ನ ಲುಕೆ ಎಂಬ ಊರಿನಲ್ಲಿ ನಡೆಸಿತು. ಆ ಕ್ರೀಡಾಂಗಣಕ್ಕೆ ಅವರು ಇಟ್ಟ ಹೆಸರು 'ಲೋಸ್ ಪಿನಾಂದಿ'. ಅಲ್ಲಿನ ಮೂಲನಿವಾಸಿಗಳ ಗ್ವಾರಾನಿ ಭಾಷೆಯಲ್ಲಿ ಪಿನಾಂದಿ ಎಂದರೆ ಬರಿಗಾಲಿನವನು. ಕಡಲಿಲ್ಲದ ದೇಶ, ಬರಿಗಾಲಿನವರ ಹೆಸರಿನ ಅಂಗಳದಲ್ಲಿ, ಲೋಕದ ಕಡಲಾಟ ನಡೆಸಿದೆ! ಇದನ್ನು ಓದಿ ನಾನು ಎದ್ದು ಮನೆಯೊಳಗೇ ಎರಡು ಸುತ್ತು ನಡೆದೆ.

ಇನ್ನು ಇರಾನ್. 2025ರ ಮಾರ್ಚ್‌ನಲ್ಲಿ ಥಾಯ್ಲೆಂಡಿನ ಪಟ್ಟಾಯದಲ್ಲಿ ಏಷ್ಯನ್ ಕಪ್ ಗೆದ್ದ ದೇಶ. ಇರಾನಿಗೆ ಕಡಲಿದೆ, ಉತ್ತರಕ್ಕೂ ಇದೆ, ದಕ್ಷಿಣಕ್ಕೂ ಇದೆ. ಆದರೆ ಅಲ್ಲಿನ ಹೆಸರಾಂತ ಬೀಚ್ ಸಾಕರ್ ಕ್ಲಬ್ಬುಗಳಲ್ಲೊಂದು ಇರುವುದು ಯಜ್ದ್ ಎಂಬ ಊರಿನಲ್ಲಿ. ಯಜ್ದ್ ಎಂದರೆ ಒಣ ಮರುಭೂಮಿಯ ನಗರ. ನೆಲದಡಿ ಸುರಂಗ ತೋಡಿ, ದೂರದ ಗುಡ್ಡದ ಬುಡದಿಂದ ಹನಿ ನೀರನ್ನು ಊರಿಗೆ ಕರೆತಂದ ಜನ. ನೀರಿಗಾಗಿ ಹಳ್ಳದ ಮರಳಲ್ಲಿ ಒರತೆ ತೋಡಿ, ಚಿಪ್ಪಿನಲ್ಲಿ ಮೊಗೆದು ಕೊಡ ತುಂಬಿದ ನಮ್ಮ ಅಜ್ಜಿಯಂದಿರು ಯಜ್ದಿನವರನ್ನು ಕಂಡಿದ್ದರೆ ನೆಂಟರೇ ಎಂದು ಮಣೆ ಹಾಕುತ್ತಿದ್ದರು.

ಹಾಗಾದರೆ ಈ ಆಟಕ್ಕೆ ಬೇಕಾದ್ದು ಏನು? ನಿಯಮ ತೆಗೆದು ನೋಡಿದೆ. ಕಡಲಿನ ಮಾತೇ ಅಲ್ಲಿಲ್ಲ! ಉದ್ದ 35ರಿಂದ 37 ಮೀಟರ್, ಅಗಲ 26ರಿಂದ 28 ಮೀಟರ್, ಕಲ್ಲು ಚಿಪ್ಪು ಇಲ್ಲದ ಸಮತಟ್ಟಾದ ಮರಳು, ಕನಿಷ್ಠ 40 ಸೆಂಟಿಮೀಟರ್ ಆಳ. ಒಂದು ಕಡೆಗೆ ಗೋಲಿಯೂ ಸೇರಿ ಐದೇ ಜನ. ಕಾಲಿಗೆ ಬೂಟು ಇಲ್ಲ. ಹನ್ನೆರಡು ಹನ್ನೆರಡು ನಿಮಿಷದ ಮೂರು ಪಾಳಿ. ಸಮ ಸಮ ಆಗಿ ಕೈ ಕುಲುಕಿ ಹೋಗುವ ಮಾತಿಲ್ಲ, ಇಬ್ಬರಲ್ಲಿ ಒಬ್ಬರು ಗೆಲ್ಲುವವರೆಗೂ ಬಿಡುವುದಿಲ್ಲ. ಅಷ್ಟೇ.

ಅಷ್ಟೇ ಎಂದೆ, ಆದರೆ ಆ ಮರಳಿನ ಆಟವೇ ಬೇರೆ. ಹುಲ್ಲಿನ ಮೇಲೆ ಚೆಂಡು ಉರುಳುತ್ತದೆ. ಮರಳಿನ ಮೇಲೆ ಉರುಳದು. ಗುಂಡಿಗೆ ಬಿದ್ದು ನಿಲ್ಲುತ್ತದೆ, ಇಲ್ಲವೇ ಯಾವುದೋ ಏರು ತಗುಲಿ ದಿಕ್ಕೇ ಬದಲಿಸುತ್ತದೆ. ಅದಕ್ಕೇ ಆಟಗಾರರು ಚೆಂಡನ್ನು ನೆಲಕ್ಕೆ ಬಿಡುವುದೇ ಇಲ್ಲ! ಕಾಲ್ಬೆರಳಿಂದ ಚಿಮ್ಮಿಸಿ ಮೇಲೆತ್ತಿ, ಎದೆಗೆ ತಗೊಂಡು, ಗಾಳಿಯಲ್ಲೇ ಜೊತೆಗಾರನಿಗೆ ದಾಟಿಸಿ, ಅವನು ಗೋಲಿಗೆ ಬೆನ್ನು ಹಾಕಿ ನಿಂತವನು, ಹಾಗೇ ಹಿಂದಕ್ಕೆ ಬಿದ್ದು, ತಲೆ ಕೆಳಗೆ ಕಾಲು ಮೇಲೆ ಮಾಡಿ, ಬೀಸಿ ಒದೆಯುತ್ತಾನೆ. ಬೈಸಿಕಲ್ ಕಿಕ್! ಹುಲ್ಲಿನಂಗಳದಲ್ಲಿ ವರ್ಷಕ್ಕೊಮ್ಮೆ ಬಿದ್ದರೆ ಊರೆಲ್ಲ ಮಾತಾಡುವ ಒದೆತ ಇಲ್ಲಿ ಒಂದೇ ಆಟದಲ್ಲಿ ಎಷ್ಟು ಸಲ! ಬಿದ್ದರೆ ಮರಳು ಹೆತ್ತವ್ವನ ಹಾಗೆ ಹಿಡಿದುಕೊಳ್ಳುತ್ತದಲ್ಲ, ಹೆದರಿಕೆ ಯಾಕೆ? ಫ್ರೀ ಕಿಕ್ ಸಿಕ್ಕಿತೆನ್ನಿ, ಆಟಗಾರ ಮೊದಲು ಮಂಡಿಯೂರಿ ಎರಡೂ ಕೈಯಿಂದ ಮರಳು ಬಾಚಿ ಸಣ್ಣದೊಂದು ಗುಡ್ಡೆ ಕಟ್ಟಿ, ಅದರ ನೆತ್ತಿಯ ಮೇಲೆ ಚೆಂಡು ಕೂರಿಸುತ್ತಾನೆ. ಲೋಕಕಪ್ಪಿನ ಫೈನಲಿನಲ್ಲೂ ಹಾಗೇ. ಹಳ್ಳದಲ್ಲಿ ಗುಬ್ಬಿಗೂಡು ಕಟ್ಟುವ ಮಗುವಿನಂತೆ!

ಮರಳು ದಣಿಸುವುದೂ ಅಷ್ಟೇ. 1998ರಲ್ಲಿ ಬೆಲ್ಜಿಯಂನ ಸಂಶೋಧಕರು ಅಳತೆ ಮಾಡಿ ಹೇಳಿದ್ದಾರೆ: ಗಟ್ಟಿ ನೆಲಕ್ಕಿಂತ ಮರಳಿನಲ್ಲಿ ನಡೆಯಲು ಮೈ 2.1ರಿಂದ 2.7 ಪಟ್ಟು ಶಕ್ತಿ ಸುಡುತ್ತದೆ, ಓಡಲು ಒಂದೂವರೆ ಪಟ್ಟಿಗೂ ಮಿಗಿಲು. ಹೆಜ್ಜೆ ಊರಿದಾಗ ಮರಳು ಜಾರಿ ಸರಿದು ನಮ್ಮ ಬಲವನ್ನು ನುಂಗಿಬಿಡುತ್ತದೆ, ನೆಲದಂತೆ ತಿರುಗಿ ಕೊಡುವುದಿಲ್ಲ. ಫಾಲ್ಗುಣದ ಜಾತ್ರೆಗೆ ತಲೆಯ ಮೇಲೆ ಗಂಟು, ಸೊಂಟದ ಮೇಲೆ ಕೂಸು ಹೊತ್ತು, ಹಳ್ಳದ ಮರಳು ತುಳಿದು ನಮ್ಮೂರ ಸಂತ ತಿಪ್ಪೇರುದ್ರಸ್ವಾಮಿಯ ತೇರಿಗೆ ಬರುವ ನಮ್ಮ ಹೆಂಗಸರ ಮೀನಖಂಡಗಳಿಗೆ ಈ ಲೆಕ್ಕ ಯಾವತ್ತಿನಿಂದಲೋ ಗೊತ್ತು.

ಈಗ ನಮ್ಮ ದೇಶದ ತಂಡ. ಹೇಳಲು ಮನಸ್ಸು ಭಾರವಾಗುತ್ತದೆ. ಶಾಲೆಯಲ್ಲಿ ನಾವು ಉರು ಹೊಡೆದ ಲೆಕ್ಕದಂತೆ ಭಾರತದ ಕರಾವಳಿ 7,500 ಕಿಲೋಮೀಟರ್. ಈಚೆಗೆ ಮತ್ತೆ ಅಳೆದಾಗ 11,000 ಕಿಲೋಮೀಟರನ್ನೂ ದಾಟಿದೆ. ಇಷ್ಟು ದಂಡೆಯಿರುವ ದೇಶ ಬೀಚ್ ಸಾಕರಿನ ಏಷ್ಯನ್ ಕೂಟಕ್ಕೆ 2007ರಲ್ಲಿ ಒಮ್ಮೆ ಹೋಯಿತು. ಆಮೇಲೆ? ಮೌನ. ಆ ವರ್ಷ ಹುಟ್ಟಿದ ಕೂಸು ಬೆಳೆದು ಓಟು ಹಾಕುವ ವಯಸ್ಸಿಗೆ ಬಂದ ಮೇಲೆ, ಹದಿನೆಂಟು ವರ್ಷ ಕಳೆದು, 2025ರ ಪಟ್ಟಾಯ ಕೂಟಕ್ಕೆ ನಮ್ಮವರು ಮತ್ತೆ ಇಳಿದರು. ಗುಂಪಿನಲ್ಲಿ ಥಾಯ್ಲೆಂಡ್, ಕುವೈತ್, ಲೆಬನಾನ್. ಅಲ್ಲಿಂದ ಮುಂದಕ್ಕೆ ದಾಟಲಾಗಲಿಲ್ಲ. ವಿಶ್ವಕಪ್ಪಿನ ಮರಳನ್ನಂತೂ ಭಾರತ ಇನ್ನೂ ಮೆಟ್ಟಿಲ್ಲ. ತಾಹಿತಿ ಎಂಬ ಪುಟ್ಟ ದ್ವೀಪವಿದೆ, ಅದರ ಜನಸಂಖ್ಯೆ ನಮ್ಮ ಚಳ್ಳಕೆರೆ ತಾಲ್ಲೂಕಿಗಿಂತ ಕಡಿಮೆ. ಅವರು 2015, 2017, ಸಾಲಾಗಿ ಎರಡು ಸಲ ವಿಶ್ವಕಪ್ ಫೈನಲ್ ಆಡಿದ್ದಾರೆ. ಒಂದು ತಾಲ್ಲೂಕಿನಷ್ಟು ಜನ!

ಆದರೂ ಆ ಹದಿನೆಂಟು ವರ್ಷದ ಮೌನ ಮುರಿದ ಬಗೆಯಲ್ಲೇ ನನಗೆ ಎಲ್ಲಕ್ಕಿಂತ ದೊಡ್ಡ ಬೆರಗು ಸಿಕ್ಕಿತು. 2023ರಲ್ಲಿ ಸೂರತ್‌ನ ಡುಮಾಸ್ ದಂಡೆಯಲ್ಲಿ ದೇಶದ ಮೊದಲ ರಾಷ್ಟ್ರೀಯ ಬೀಚ್ ಸಾಕರ್ ಚಾಂಪಿಯನ್‌ಶಿಪ್ ನಡೆಯಿತು. ಗೆದ್ದದ್ದು ಕೇರಳ, 13-4 ಗೋಲುಗಳಿಂದ. ಅದರಲ್ಲಿ ಅಚ್ಚರಿಯಿಲ್ಲ. ಫೈನಲಿನಲ್ಲಿ ಸೋತದ್ದು ಯಾರು ಗೊತ್ತೆ? ಪಂಜಾಬ್! ಗೋಧಿ ಹೊಲದ, ಐದು ನದಿಯ, ಕಡಲಿನ ಉಪ್ಪುಗಾಳಿ ಸೋಕದ ಪಂಜಾಬ್! 2024ರ ಜನವರಿಯಲ್ಲಿ ದಿಯುವಿನಲ್ಲಿ ಮೊದಲ ಬೀಚ್ ಕ್ರೀಡಾಕೂಟ ನಡೆದಾಗ ಒಟ್ಟು ಪ್ರಶಸ್ತಿ ಹೊತ್ತುಕೊಂಡು ಹೋದದ್ದು ಮಧ್ಯಪ್ರದೇಶ. ದೇಶದ ನಟ್ಟನಡುವಿನ ರಾಜ್ಯ! ಮರುವರ್ಷ ಅದೇ ದಿಯುವಿನಲ್ಲಿ ಖೇಲೋ ಇಂಡಿಯಾ ಬೀಚ್ ಕೂಟ, ಅಲ್ಲಿ ಎಲ್ಲರಿಗಿಂತ ಮೇಲೆ ನಿಂತದ್ದು ಮಣಿಪುರ, ಗುಡ್ಡಗಾಡಿನ ರಾಜ್ಯ! ಒಂದಾದ ಮೇಲೊಂದು ಕಡಲಿಲ್ಲದ ಹೆಸರುಗಳು. ಓದುತ್ತಾ ಹೋದಂತೆ ನನ್ನ ಕೈ ನಡುಗಿತು.

ಕನ್ನಡದ ನೆಲದಲ್ಲೂ ಇದಕ್ಕೆ ಸಾಕ್ಷಿಯಿದೆ. ಕಾಲ್ಚೆಂಡಿನಲ್ಲಲ್ಲ, ಕಬಡ್ಡಿಯಲ್ಲಿ. ಏಷ್ಯನ್ ಬೀಚ್ ಕ್ರೀಡಾಕೂಟಗಳಲ್ಲಿ 2016ರವರೆಗೆ ಮಹಿಳೆಯರ ಬೀಚ್ ಕಬಡ್ಡಿ ನಡೆದದ್ದು ಐದು ಸಲ: 2008ರಲ್ಲಿ ಬಾಲಿ, 2010ರಲ್ಲಿ ಮಸ್ಕತ್, 2012ರಲ್ಲಿ ಹೈಯಾಂಗ್, 2014ರಲ್ಲಿ ಫುಕೆಟ್, 2016ರಲ್ಲಿ ಡಾನಾಂಗ್. ಐದಕ್ಕೆ ಐದೂ ಚಿನ್ನ ಭಾರತಕ್ಕೆ. ಆ ಚಿನ್ನ ಗೆದ್ದು ತಂದವರಲ್ಲಿ ಕಾರ್ಕಳ ತಾಲ್ಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿ ಒಬ್ಬರು. 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದವರು. ಹೆರ್ಮುಂಡೆಯ ಮನೆಯಂಗಳಕ್ಕೆ ಕಡಲ ಅಲೆ ಬಡಿಯುವುದಿಲ್ಲ, ಅದು ಘಟ್ಟದ ತಪ್ಪಲಿನ ಹಳ್ಳಿ. ಕಬಡ್ಡಿ ಹುಟ್ಟಿದ್ದು ಊರ ಮಣ್ಣಿನಲ್ಲಿ, ಗೆದ್ದದ್ದು ಕಡಲ ಮರಳಿನಲ್ಲಿ.

ಮಾವನಿಗೆ ಇದೆಲ್ಲ ಒಪ್ಪಿಸಿದೆ. ಉಸಿರು ತಿರುಗಿಸದೆ ಹೇಳಿದೆ ಎಂದು ಕಾಣುತ್ತದೆ, ಒಂದು ಚೊಂಬು ನೀರು ಕೊಟ್ಟರು. ಆಮೇಲೆ ಹಿತ್ತಲಿಗೆ ಹೋಗಿ ಹಾರೆ ಹಿಡಿದುಕೊಂಡು ಬಂದರು.

"ನಡಿ, ನಮ್ಮ ಹಳ್ಳದ ಮರಳು ಎಷ್ಟು ಆಳ ಐತೆ ನೋಡಾಣ."

ಹೋದೆವು. ಹಗ್ಗ, ಅಳತೆ ಟೇಪು, ನಾಲ್ವರು ಹುಡುಗರು. ತಿಪ್ಪೇರುದ್ರಸ್ವಾಮಿ ಊರಿಗೆ ಕೆರೆ ಕಟ್ಟಿಸಿದವರು, ಮಾಡಿದಷ್ಟು ನೀಡು ಭಿಕ್ಷೆ ಎಂದವರು. ಅವರ ಊರಿನಲ್ಲಿ ಮಣ್ಣಿಗೆ ಹಾರೆ ಹಾಕುವುದು ಯಾರಿಗೂ ಹೊಸತೇನಲ್ಲ. ದಾರಿ ಮುಟ್ಟುವ ಕಡೆಯಲ್ಲಿ ಮರಳು ಉಳಿದಿರಲಿಲ್ಲ. ಟ್ರಾಕ್ಟರಿನ ಗಾಲಿಯ ಗುರುತು, ಕೆಳಗೆ ಬರೀ ಗರಸುಗಲ್ಲು. ಹಾರೆ ಠಣ್ ಎಂದಿತು. ಆ ಸದ್ದು ನನ್ನ ಎದೆಯೊಳಗೇ ಆದಂತಾಯಿತು. ಬೆಲಾರುಸಿನವರು ಮರಳನ್ನು ತಂದು ಸುರಿದು ಆಟ ಕಲಿತರು. ನಮಗೆ ಮಳೆರಾಯ ಸಾವಿರಾರು ವರ್ಷದಿಂದ ಬಂಡೆ ಅರೆದು, ಸೋಸಿ, ಮನೆ ಬಾಗಿಲಿಗೆ ತಂದು ಹಾಕಿದ್ದನ್ನು ನಾವು ಲೋಡುಗಟ್ಟಲೆ ಕಳಿಸಿಬಿಟ್ಟಿದ್ದೇವೆ!

ಇನ್ನೂ ಮೇಲಕ್ಕೆ ನಡೆದೆವು. ಹಳ್ಳ ತಿರುವು ತಗೊಳ್ಳುವ ಕಡೆ, ಹೊಂಗೆ ಮರಗಳ ಕೆಳಗೆ, ಗಾಡಿ ಇಳಿಯಲಾರದ ಜಾಗದಲ್ಲಿ ಬೆಳ್ಳಗೆ ಹರಡಿಕೊಂಡಿತ್ತು. ಮಾವ ಹಾರೆ ಎತ್ತಿ ಹಾಕಿದರು. ಸದ್ದೇ ಇಲ್ಲ. ಸುಮ್ಮನೆ ಇಳಿಯಿತು, ಇಳಿಯುತ್ತಾ ಹೋಯಿತು. ಎಳೆದು ತೆಗೆದು ಟೇಪು ಹಿಡಿದೆ: 62 ಸೆಂಟಿಮೀಟರ್! ನಾಲ್ಕು ಮೂಲೆಯಲ್ಲೂ ಹಾಕಿ ನೋಡಿದೆವು. 55. 70. 48. 66. ಹಗ್ಗ ಎಳೆದೆವು. ಉದ್ದ 37 ಸಿಕ್ಕಿತು, ಇನ್ನೂ ಮಿಕ್ಕಿತು. ಅಗಲ 28 ಇಡಲು ಒಂದು ಕಡೆ ಜಾಲಿಪೊದೆ ಅಡ್ಡ ಬಂತು, 26ಕ್ಕೆ ಸರಿಹೋಯಿತು. 26 ಇದ್ದರೂ ನಿಯಮಕ್ಕೆ ಸಾಕು, ಸಾಕು!

ನಾಲ್ಕು ಜೋಡಿ ಚಪ್ಪಲಿ ಎರಡು ಗೋಲುಗಳಾದವು. ಚೆಂಡಿನ ಗಾಳಿ ಸ್ವಲ್ಪ ಇಳಿಸಿದೆ. ಮರಳಿನ ಚೆಂಡು ಮೆತ್ತಗಿರಬೇಕು. ನಾಲ್ವರಲ್ಲಿ ಚಿಕ್ಕವನು, ಆರನೆಯ ಕ್ಲಾಸಿನವನು, ಫೋನಿನಲ್ಲಿ ನಾನು ತೋರಿಸಿದ ಬೈಸಿಕಲ್ ಕಿಕ್ ಒಂದೇ ಸಲ ನೋಡಿದ್ದ. ಗೋಲಿಗೆ ಬೆನ್ನು ಹಾಕಿ ನಿಂತು, "ಎಸಿ ಮಾಮಾ" ಅಂದ. ಎಸೆದೆ. ಅವನು ಕಣ್ಣು ಮುಚ್ಚಿ ಹಿಂದಕ್ಕೆ ಹಾರಿದ. ಕಾಲು ಚೆಂಡಿಗೆ ತಗುಲಲೇ ಇಲ್ಲ; ಬೆನ್ನು ಧಪ್ಪನೆ ಮರಳಿಗೆ ಬಿತ್ತು. ನಾನು ಓಡಿದೆ. ಅವನು ಎದ್ದು ಕೂತು, ಬಾಯಿಗೆ ಹೋದ ಮರಳು ಉಗಿದು, ಬೆನ್ನು ಮುಟ್ಟಿ ನೋಡಿಕೊಂಡ.

"ನೋವೇ ಆಗ್ಲಿಲ್ಲ ಮಾಮಾ! ಇನ್ನೊಂದ್ಸಲ ಎಸಿ."