ಹ್ಯಾಕಥಾನ್ ಯೋಜನೆಯ ದಾಖಲೀಕರಣ ಮತ್ತು ಹಂಚಿಕೆ: ಕನ್ನಡ ವಿಭಕ್ತಿ ವಿಶ್ಲೇಷಕವೊಂದರ ನಿದರ್ಶನ

ಹ್ಯಾಕಥಾನ್‌ಗಳಲ್ಲಿ ಒಂದೆರಡು ದಿನಗಳಲ್ಲಿ ರೂಪುಗೊಳ್ಳುವ ಮುಕ್ತ ತಂತ್ರಾಂಶಗಳು ಭಾಷಾವಿಜ್ಞಾನದ ಸಂಶೋಧನೆಗೂ ಸಾಧನಗಳಾಗಬಲ್ಲವು. ಅಂತಹ ತಂತ್ರಾಂಶದೊಂದಿಗೆ ಯಾವ ದಾಖಲೆ ಇರಬೇಕೆಂಬುದನ್ನು, ನಾವು ರೂಪಿಸಿದ ವಿಭಕ್ತಿ ವಿಶ್ಲೇಷಕವೊಂದರ ಆಧಾರದಿಂದ ಇಲ್ಲಿ ವಿವರಿಸುತ್ತೇವೆ. ನಾಮಪದವನ್ನು ಪ್ರಕೃತಿ–ಪ್ರತ್ಯಯಗಳಾಗಿ ಬಿಡಿಸುವುದು ಅದರ ಕಾರ್ಯ. ಕೆಲವು ತಿಂಗಳ ಬಳಿಕ ಅದೇ ಪಠ್ಯಸಂಗ್ರಹದ ಮೇಲೆ ಅದನ್ನು ಮತ್ತೆ ಚಲಾಯಿಸಿದಾಗ ದೊರೆತ ಎಣಿಕೆಗಳು ಮೊದಲಿನವುಗಳಿಗೆ ಹೊಂದಲಿಲ್ಲ. ಇದಕ್ಕೆ ಎರಡು ಕಾರಣಗಳಿದ್ದವು. ಎರಡನ್ನೂ ನಾವು ದಾಖಲಿಸಿರಲಿಲ್ಲ.

ಮೊದಲನೆಯದು ಲಿಪಿಸಂಕೇತಕ್ಕೆ ಸಂಬಂಧಿಸಿದ್ದು. ಯೂನಿಕೋಡ್‌ನಲ್ಲಿ ಓಕಾರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಮೂರು ಸಂಕೇತಗಳ ಸರಣಿಯಾಗಿಯೂ ದಾಖಲಿಸಬಹುದು. ಹೀಗಾಗಿ ‘ಕೋಣ’ ಎಂಬ ಪದವು ಒಂದು ಕಡತದಲ್ಲಿ ಮೂರು, ಮತ್ತೊಂದರಲ್ಲಿ ಐದು ಸಂಕೇತಗಳಾಗಿರಬಹುದು. ಓದುಗರಿಗೆ ಎರಡೂ ಒಂದೇ. ಸಂಕೇತಗಳನ್ನಷ್ಟೇ ಹೋಲಿಸುವ ಕ್ರಮವಿಧಿಗೆ ಎರಡು ಬೇರೆ ಪದಗಳು. ಇಂತಹ ರೂಪಗಳನ್ನು ಏಕರೂಪಕ್ಕೆ ತರುವ ಎನ್‌ಎಫ್‌ಸಿ, ಎನ್‌ಎಫ್‌ಡಿ ಮುಂತಾದ ವಿಧಾನಗಳನ್ನು ಯೂನಿಕೋಡ್ ನಿಗದಿಪಡಿಸಿದೆ. ಮೊದಲ ಬಾರಿ ನಮ್ಮಲ್ಲೊಬ್ಬರು ಈ ಹಂತವನ್ನು ಪ್ರತ್ಯೇಕವಾಗಿ ನಡೆಸಿದ್ದರು. ಕ್ರಮವಿಧಿಯಲ್ಲಿ ಅದು ಸೇರಿರಲಿಲ್ಲ.

ಎರಡನೆಯದು ವ್ಯಾಕರಣಕ್ಕೆ ಸಂಬಂಧಿಸಿದ್ದು. ಆದ್ದರಿಂದ ಹೆಚ್ಚು ಗಂಭೀರವಾದುದು. ‘ಮರದಲ್ಲಿ’ ಎಂಬುದನ್ನು ‘ಮರ + ಅಲ್ಲಿ’ ಎಂದು ಬಿಡಿಸಿ ದಕಾರವನ್ನು ಆಗಮವೆನ್ನಬಹುದು. ‘ಮರದ + ಅಲ್ಲಿ’ ಎಂದು ಬಿಡಿಸಿ ಸಪ್ತಮಿಯು ಷಷ್ಠೀರೂಪವನ್ನು ಆಧರಿಸಿದೆ ಎನ್ನಲೂಬಹುದು. ಎರಡನೆಯ ಕ್ರಮದಲ್ಲಿ ಇಂತಹ ರೂಪಗಳೂ ಷಷ್ಠಿಯ ಲೆಕ್ಕಕ್ಕೆ ಸೇರುತ್ತವೆ. ಅವಸರದಲ್ಲಿ ಬರೆದ ನಿಯಮವು ಎರಡನೆಯದನ್ನು ಆಯ್ದುಕೊಂಡಿತ್ತು. ಅನಂತರದ ತಿದ್ದುಪಡಿಯೊಂದು ಮೊದಲನೆಯದಕ್ಕೆ ಮರಳಿತ್ತು. ಭಾಷೆ ಬದಲಾಗದೆಯೇ ಷಷ್ಠಿಯ ಪ್ರಮಾಣ ಬದಲಾಗಿತ್ತು. ಕ್ರಮವಿಧಿಯ ಒಂದು ಸಾಲೂ ವ್ಯಾಕರಣದ ಪ್ರತಿಪಾದನೆಯಾಗಿರಬಲ್ಲದು. ಪ್ರಬಂಧದಲ್ಲಿನ ಪ್ರತಿಪಾದನೆಯಂತೆ ಅದಕ್ಕೂ ಸಮರ್ಥನೆ ಅಗತ್ಯ.

ಆದಕಾರಣ ಈಗ ನಾವು ನಾಲ್ಕು ಅಂಶಗಳನ್ನು ದಾಖಲಿಸುತ್ತೇವೆ: ಪಠ್ಯದ ಮೂಲ ಮತ್ತು ಅದನ್ನು ಏಕರೂಪಗೊಳಿಸಿದ ವಿಧಾನ, ಪ್ರತಿಯೊಂದು ನಿಯಮಕ್ಕೂ ಒಂದು ಉದಾಹರಣೆ ಹಾಗೂ ಕೈಬಿಟ್ಟ ಪರ್ಯಾಯ, ವಿಶ್ಲೇಷಕವು ಎಡವುವ ರೂಪಗಳು, ಆವೃತ್ತಿಯ ಸಂಖ್ಯೆ. ಮೂರನೆಯದಕ್ಕೆ ‘ಮಲ್ಲಿಗೆ’ ನಿದರ್ಶನ: ಅದು ಹೂವಿನ ಹೆಸರೋ ‘ಮಲ್ಲಿ’ಯ ಚತುರ್ಥೀರೂಪವೋ ಎಂಬುದನ್ನು ಸಂದರ್ಭವಿಲ್ಲದೆ ನಿರ್ಣಯಿಸಲಾಗದು.

ಹಂಚಿಕೆಗೆ ಪರವಾನಗಿಯೂ ಅವಶ್ಯಕ. ಭಾರತದ 1957ರ ಕೃತಿಸ್ವಾಮ್ಯ ಅಧಿನಿಯಮವು ಗಣಕ ಕ್ರಮವಿಧಿಗಳನ್ನು ಸಾಹಿತ್ಯಕೃತಿಗಳ ವ್ಯಾಪ್ತಿಗೆ ಸೇರಿಸಿದೆ. ಪರವಾನಗಿಯಿಲ್ಲದ ಕ್ರಮವಿಧಿಯು ಓದಲು ದೊರೆತರೂ ಮರುಬಳಕೆಗೆ ಮುಕ್ತವಲ್ಲ. ಕ್ರಮವಿಧಿಗೆ ಜಿಪಿಎಲ್ ಅಥವಾ ಎಂಐಟಿ, ದತ್ತಾಂಶಕ್ಕೆ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯನ್ನು ಪ್ರತ್ಯೇಕವಾಗಿ ನಮೂದಿಸುವುದು ಲೇಸು. ಕ್ಷೇತ್ರಕಾರ್ಯದ ಧ್ವನಿಮುದ್ರಣಗಳಿದ್ದಲ್ಲಿ ಭಾಷಿಕರ ಸಮ್ಮತಿಯ ಮಿತಿಯನ್ನು ಪರವಾನಗಿಯು ಮೀರಕೂಡದು. ಜೆನೊಡೊದಂತಹ ಸಂಗ್ರಹಾಗಾರವು ಪ್ರತಿ ಆವೃತ್ತಿಗೂ ಡಿಒಐ ನೀಡುವುದರಿಂದ, ಬಳಸಿದ ಆವೃತ್ತಿಯನ್ನೇ ಪ್ರಬಂಧದಲ್ಲಿ ಉಲ್ಲೇಖಿಸಬಹುದು.

ಈ ದಾಖಲೆಯನ್ನು ಹ್ಯಾಕಥಾನ್ ಮುಗಿಯುವ ಮುನ್ನವೇ, ನಿಯಮ ಬರೆದವರಿಂದಲೇ ಬರೆಸುವುದು ಸೂಕ್ತವೆಂಬುದು ನಮ್ಮ ಅಭಿಪ್ರಾಯ. ‘ಮರದಲ್ಲಿ’ಯ ವಿಶ್ಲೇಷಣೆಯನ್ನು ಒಪ್ಪದ ಸಂಶೋಧಕರು ಆಗ ಆ ನಿಯಮವೊಂದನ್ನೇ ಬದಲಿಸಿ, ಉಳಿದುದನ್ನು ಬಳಸಿಕೊಳ್ಳಬಲ್ಲರು.