ಉದ್ದದ ಬ್ಯಾಕಪ್ ಸರಪಣಿಯನ್ನು ಎಷ್ಟು ನಂಬಬಹುದು?

ಇಂದು ಅನೇಕ ಚರ್ಚ್ ಕಚೇರಿಗಳಲ್ಲಿ ಜ್ಞಾನಸ್ನಾನ, ಮದುವೆ, ಮರಣಗಳ ವಿವರ, ವಂತಿಗೆಯ ಲೆಕ್ಕ, ಕುಟುಂಬಗಳ ಪಟ್ಟಿ ಕಂಪ್ಯೂಟರಿನಲ್ಲಿವೆ. "ಬ್ಯಾಕಪ್ ದಿನಾಲೂ ಆಗುತ್ತದೆ" ಎಂಬ ಉತ್ತರವೂ ಸಿಗುತ್ತದೆ. ಅದು ಯಾವ ಬಗೆಯ ಬ್ಯಾಕಪ್ ಎಂದು ಕೇಳುವವರು ಮಾತ್ರ ಕಡಿಮೆ.

ಪೂರ್ಣ ಬ್ಯಾಕಪ್ ಎಂದರೆ ಎಲ್ಲ ಕಡತಗಳ ನಕಲು. ಇನ್‌ಕ್ರಿಮೆಂಟಲ್ ಬ್ಯಾಕಪ್ ಎಂದರೆ ಹಿಂದಿನ ಬ್ಯಾಕಪ್ ಆದ ಮೇಲೆ ಬದಲಾದದ್ದರ ನಕಲು ಮಾತ್ರ. ಇದಕ್ಕೆ ಸಮಯವೂ ಕಡಿಮೆ, ಜಾಗವೂ ಕಡಿಮೆ. ಆದುದರಿಂದಲೇ ಒಮ್ಮೆ ಪೂರ್ಣ ಬ್ಯಾಕಪ್ ಮಾಡಿ, ಆಮೇಲೆ ವರ್ಷವಿಡೀ ತುಂಡು ತುಂಡಾಗಿ ಸೇರಿಸುತ್ತಾ ಹೋಗುವ ಅಭ್ಯಾಸ ಬೆಳೆಯುತ್ತದೆ.

ಬೆಂಗಳೂರಿನ ವಿಜಯನಗರದ ಬಳಿಯ ಮಾರೇನಹಳ್ಳಿಯಲ್ಲಿ ನಿವೇಶನ ಕೊಳ್ಳಲು ಹೊರಟವರಿಗೆ ಇದರ ಅಪಾಯ ಬೇಗ ತಿಳಿದೀತು. ಈಗಿನ ಮಾಲೀಕರ ಕ್ರಯಪತ್ರವೊಂದನ್ನೇ ನೋಡಿ ಬ್ಯಾಂಕಿನವರು ಸಾಲ ಕೊಡುವುದಿಲ್ಲ. ಮೂಲಪತ್ರದಿಂದ ಹಿಡಿದು ನಡುವಿನ ವಿಭಾಗಪತ್ರ, ದಾನಪತ್ರ, ಕ್ರಯಪತ್ರ ಎಲ್ಲವನ್ನೂ ಕೇಳುತ್ತಾರೆ. ಒಂದು ಕೊಂಡಿ ಇಲ್ಲದಿದ್ದರೆ ವ್ಯವಹಾರ ಅಲ್ಲಿಗೇ ನಿಲ್ಲುತ್ತದೆ. ಆದರೂ ಕಳೆದುಹೋದ ಕ್ರಯಪತ್ರದ ದೃಢೀಕೃತ ನಕಲನ್ನು ಉಪನೋಂದಣಾಧಿಕಾರಿಗಳ ಕಚೇರಿಯಿಂದ ಪಡೆಯಬಹುದು. ಹಾಳಾದ ಬ್ಯಾಕಪ್ ತುಂಡಿಗೆ ಅಂತಹ ಕಚೇರಿ ಯಾವುದೂ ಇಲ್ಲ.

ಸರಪಣಿಯಲ್ಲಿ 40ನೆಯ ರಾತ್ರಿಯ ತುಂಡು ಹಾಳಾಯಿತೆನ್ನೋಣ. 39ನೆಯ ರಾತ್ರಿಯವರೆಗಿನ ಸ್ಥಿತಿ ಮರಳಿ ಸಿಗುತ್ತದೆ. ಮುಂದಿನದು ತಂತ್ರಾಂಶವನ್ನು ಅವಲಂಬಿಸಿದೆ. ಇಡೀ ಕಡತವನ್ನೇ ನಕಲು ಮಾಡುವ ತಂತ್ರಾಂಶವಾದರೆ ಆ ರಾತ್ರಿ ಬದಲಾಗಿದ್ದ ಕಡತಗಳಿಗಷ್ಟೇ ತೊಂದರೆ. ಕಡತದೊಳಗಿನ ವ್ಯತ್ಯಾಸವನ್ನು ಮಾತ್ರ ಬರೆದಿಡುವ ತಂತ್ರಾಂಶವಾದರೆ, ಆಮೇಲಿನ ತುಂಡುಗಳು ಸರಿಯಿದ್ದರೂ ಅವುಗಳಿಗೆ ಆಧಾರವೇ ಇರುವುದಿಲ್ಲ.

ಸ್ವಲ್ಪ ಲೆಕ್ಕ ನೋಡೋಣ. ಒಂದು ತುಂಡು ಸರಿಯಿರುವ ಸಾಧ್ಯತೆ ಶೇ. 99.9 ಎಂದು ಉದಾಹರಣೆಗೆ ಇಟ್ಟುಕೊಂಡರೆ, 7 ತುಂಡುಗಳೂ ಸರಿಯಿರುವ ಸಾಧ್ಯತೆ ಶೇ. 99.3. 30 ತುಂಡುಗಳಿಗೆ ಅದು ಶೇ. 97. 365 ತುಂಡುಗಳಿಗೆ ಶೇ. 69 ಮಾತ್ರ.

ಇಂತಹ ನಷ್ಟ ಸದ್ದಿಲ್ಲದೆ ಆಗುತ್ತದೆ ಎಂಬುದು ನಮ್ಮ ಹೆಚ್ಚಿನ ಚಿಂತೆ. ಕರಾವಳಿಯಲ್ಲಿ ಜ್ಞಾನಸ್ನಾನ ಪಡೆದವರು ಬೆಂಗಳೂರಿನಲ್ಲಿ ಮದುವೆಯಾದರೆ, ಅಲ್ಲಿಂದ ಬಂದ ಸೂಚನೆಯಂತೆ ಇಲ್ಲಿನ ಜ್ಞಾನಸ್ನಾನದ ದಾಖಲೆಯಲ್ಲಿ ಟಿಪ್ಪಣಿ ಬರೆಯಬೇಕು; ಧರ್ಮಸಭೆಯ ಕಾನೂನಿನ 535ನೆಯ ವಿಧಿ ಇದನ್ನು ಹೇಳುತ್ತದೆ. ಕಂಪ್ಯೂಟರಿನಲ್ಲಿ ಅದು ಒಂದು ಸಾಲಿನ ಬದಲಾವಣೆ, ಒಂದು ರಾತ್ರಿಯ ತುಂಡಿನಲ್ಲಿ ಕುಳಿತಿರುತ್ತದೆ. ಆ ತುಂಡಿಲ್ಲದೆ ದಾಖಲೆಗಳನ್ನು ಮರಳಿ ಪಡೆದರೆ, ಹೆಸರು, ತಾರೀಕು ಎಲ್ಲ ಸರಿಯಾಗಿಯೇ ಕಾಣುತ್ತವೆ. ಮುಂದೆ ಕೊಡುವ ಪ್ರಮಾಣಪತ್ರದಲ್ಲಿ ಮದುವೆಯಾದವರು ಅವಿವಾಹಿತರಾಗಿರುತ್ತಾರೆ!

ದೊಡ್ಡ ಸಂಸ್ಥೆಗಳಲ್ಲೂ ಪರಿಶೀಲನೆಯ ಕೊರತೆ ಇದೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯ ಮುಖ್ಯ ಡೇಟಾಬೇಸ್ ಕೈತಪ್ಪಿನಿಂದ ಅಳಿಸಿಹೋಯಿತು. ನಿತ್ಯದ ಬ್ಯಾಕಪ್ ಆಗುತ್ತಲೇ ಇರಲಿಲ್ಲ ಎಂದು ಆಗ ಗೊತ್ತಾಯಿತು. ಎಚ್ಚರಿಕೆಯ ಇ-ಮೇಲ್‌ಗಳೂ ತಲುಪಿರಲಿಲ್ಲ. ಅದೃಷ್ಟವಶಾತ್ ಬೇರೆ ಕೆಲಸಕ್ಕೆಂದು ತೆಗೆದ ನಕಲೊಂದು ಇದ್ದುದರಿಂದ ನಷ್ಟ ಸುಮಾರು 6 ಗಂಟೆಗಳ ಮಾಹಿತಿಗೆ ಸೀಮಿತವಾಯಿತು.

ಚರ್ಚ್ ಕಚೇರಿಯ ಮಾಹಿತಿ ಅಷ್ಟೇನೂ ದೊಡ್ಡದಲ್ಲ. ವಾರಕ್ಕೊಂದು ಪೂರ್ಣ ಬ್ಯಾಕಪ್ ಕಷ್ಟವಾಗಲಾರದು. ಅದಾಗದಿದ್ದರೆ ತಿಂಗಳಿಗೊಂದಾದರೂ ಬೇಕು. ಹಳೆಯ ತುಂಡುಗಳನ್ನೇ ಜೋಡಿಸಿ ಹೊಸ ಪೂರ್ಣ ಬ್ಯಾಕಪ್ ಕಟ್ಟುವ ತಂತ್ರಾಂಶಗಳೂ ಇವೆ. ಅಲ್ಲಿ ಮೊದಲು ಪರಿಶೀಲನೆ ನಡೆಸದಿದ್ದರೆ ಹಳೆಯ ದೋಷವೇ ಹೊಸದಕ್ಕೂ ದಾಟುತ್ತದೆ. ಒಂದು ನಕಲನ್ನು ಕಂಪ್ಯೂಟರಿನಿಂದ ಬಿಡಿಸಿ ಬೇರೆ ಕಟ್ಟಡದಲ್ಲಿಡಿ; ಮಳೆಗಾಲದ ಸಿಡಿಲು ನಮ್ಮವರಿಗೆ ಹೊಸದಲ್ಲ.

ಮೂರು ತಿಂಗಳಿಗೊಮ್ಮೆ ಬೇರೊಂದು ಕಂಪ್ಯೂಟರಿನಲ್ಲಿ ಬ್ಯಾಕಪ್‌ನಿಂದ ಎಲ್ಲವನ್ನೂ ಮರಳಿ ತೆರೆದು, ಕಳೆದ ವಾರದ ಒಂದು ದಾಖಲೆ, ಹಳೆಯ ಒಂದು ದಾಖಲೆ ಮತ್ತು ಇತ್ತೀಚೆಗೆ ಬರೆದ ಒಂದು ಮದುವೆಯ ಟಿಪ್ಪಣಿಯನ್ನು ಕೈಬರಹದ ಪುಸ್ತಕದೊಡನೆ ಹೋಲಿಸಿ ನೋಡಬೇಕು. ಆ ಪುಸ್ತಕ ಬರೆಯುವುದನ್ನು ಮಾತ್ರ ನಿಲ್ಲಿಸಬಾರದು.