ದಿನನಿತ್ಯದ ಆರೋಗ್ಯಕ್ಕೆ ಕೈಗೆಟಕುವ ಗುರಿಗಳು

ಕಬ್ಬು ಬೆಳೆಯುವ ರೈತನು ಮೊದಲ ವರ್ಷವೇ ಎಕರೆಗೆ ನೂರು ಟನ್ ಬರಬೇಕೆಂದು ಹಟ ಹಿಡಿಯುವುದಿಲ್ಲ. ಮಣ್ಣು, ನೀರು, ಕೈಯಲ್ಲಿರುವ ಹಣ ನೋಡಿ, ಹಿಂದಿನ ಇಳುವರಿಗಿಂತ ನಾಲ್ಕೈದು ಟನ್ ಹೆಚ್ಚು ಪಡೆಯಲು ಯತ್ನಿಸುತ್ತಾನೆ. ತನ್ನ ದೇಹದ ವಿಷಯದಲ್ಲಿ ಮಾತ್ರ ಈ ಲೆಕ್ಕ ಮರೆಯುತ್ತಾನೆ. ಯುಗಾದಿಗೆ ಎಲ್ಲ ಚಟಗಳನ್ನೂ ಬಿಡುವ ಪಣ ತೊಟ್ಟು, ಎಂಟು ದಿನಗಳಲ್ಲಿ ಮುರಿದು, ನಿರಾಶನಾಗುತ್ತಾನೆ. ಆದುದರಿಂದ ಗುರಿಯು ಎಣಿಸಲು ಬರುವಂತಿರಬೇಕು, ದಿನದ ಕೆಲಸಕ್ಕೆ ಹೊಂದಬೇಕು, ಒಂದು ಸಲಕ್ಕೆ ಒಂದೇ ಇರಬೇಕು.

1. ತಂಬಾಕು ಜಗಿಯುವ ಚಟ: ನಿಪ್ಪಾಣಿ, ಚಿಕ್ಕೋಡಿ ಭಾಗ ಬೀಡಿ ತಂಬಾಕಿಗೆ ಹೆಸರಾದುದು. ಜಗಿಯುವವರು ಮೊದಲು ಮೂರು ದಿನ, ಬಾಯಿಗೆ ಹಾಕಿದಾಗಲೆಲ್ಲ ಕ್ಯಾಲೆಂಡರಿನಲ್ಲಿ ಗೀಟು ಎಳೆಯಬೇಕು. ಬಳಿಕ ಬೆಳಗಿನ ಮೊದಲ ಚಿಟಿಕೆಯನ್ನು ಊಟದವರೆಗೆ ಮುಂದೂಡಿ, ವಾರವಾರವೂ ಒಂದೊಂದು ಸಲ ಕಡಿಮೆ ಮಾಡಬೇಕು. ಪೂರ್ತಿ ಬಿಡುವ ದಿನವನ್ನೂ ಈಗಲೇ ಗುರುತು ಹಾಕುವುದು ಅವಶ್ಯ. ಸ್ವಲ್ಪ ತಿಂದರೂ ಬಾಯಿ ಕ್ಯಾನ್ಸರಿನ ಅಪಾಯ ಉಳಿದೇ ಇರುತ್ತದೆ. ತಿನ್ನಬೇಕೆನ್ನುವ ಚಪಲ ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ. ಆಗ ನೀರು ಕುಡಿಯುವುದು, ಬಡೇಸೋಪು ಅಗಿಯುವುದು ಸಹಾಯಕ. ಬಿಟ್ಟ ಮೊದಲ ವಾರ ಸಿಟ್ಟು, ನಿದ್ರೆಗೇಡು ಸಹಜ, ಮುಂದೆ ತಗ್ಗುತ್ತವೆ. 1800-11-2356 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಸಲಹೆ ಪಡೆಯಬಹುದು.

2. ಹಸಿ ಎಲೆಯ ಕೆಲಸ: ಇಬ್ಬನಿಯಿಂದ ತೊಯ್ದ ತಂಬಾಕಿನ ಎಲೆ ಮುಟ್ಟಿದರೆ ನಿಕೋಟಿನ್ ಚರ್ಮದ ಮೂಲಕ ಒಳಸೇರಿ ತಲೆಸುತ್ತು, ವಾಂತಿ ಉಂಟಾಗುತ್ತವೆ. ಇಬ್ಬನಿ ಆರಿದ ಮೇಲೆಯೇ ಕುಡಿ ಚಿವುಟುವುದು, ತುಂಬುತೋಳಿನ ಅಂಗಿ ತೊಡುವುದು, ಕೆಲಸ ಮುಗಿದೊಡನೆ ಸಾಬೂನಿನಿಂದ ತೊಳೆಯುವುದು ಇಲ್ಲಿಯ ಗುರಿ.

3. ನಿದ್ರೆ: ರಾಯಬಾಗ, ಅಥಣಿ, ಕಾಗವಾಡಗಳಲ್ಲಿ ರಾತ್ರಿ ಪಾಳಿಯ ವಿದ್ಯುತ್ತಿನಲ್ಲಿ ಕಬ್ಬಿಗೆ ನೀರು ಹಾಯಿಸುವವರಿಗೆ ದಿನವೂ ಎಂಟು ತಾಸಿನ ನಿದ್ರೆ ಅಸಾಧ್ಯ. ಮರುದಿನ ಮಧ್ಯಾಹ್ನ ಒಂದು ತಾಸು ಮಲಗುವುದು ಸಾಧ್ಯವಾದ ಗುರಿ.

4. ತಪಾಸಣೆ: 30 ವರ್ಷ ದಾಟಿದವರು ವರ್ಷಕ್ಕೊಮ್ಮೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡ, ಸಕ್ಕರೆ, ಬಾಯಿ ಪರೀಕ್ಷಿಸಿಕೊಳ್ಳಬೇಕು. ಎರಡು ವಾರದಲ್ಲಿ ಮಾಯದ ಬಾಯಿಹುಣ್ಣನ್ನು ಕೂಡಲೇ ವೈದ್ಯರಿಗೆ ತೋರಿಸಬೇಕು.

5. ಮನಸ್ಸಿನ ಭಾರ: 2019ರ ಆಗಸ್ಟಿನಲ್ಲಿ ಕೃಷ್ಣೆಯ ಪ್ರವಾಹ ಬಂದಾಗ ಬೆಳೆ, ಮನೆ ಕಳೆದುಕೊಂಡವರು ಈ ತಾಲೂಕುಗಳಲ್ಲಿ ಅನೇಕರು. ಇಂಥ ಹೊತ್ತಿನಲ್ಲಿ ದಿನಕ್ಕೊಮ್ಮೆಯಾದರೂ ನಂಬಿಕೆಯ ಒಬ್ಬರೊಡನೆ ಮಾತನಾಡುವುದೂ ಒಂದು ಗುರಿಯೇ. ‘ಟೆಲಿ ಮಾನಸ್’ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿ ನೆರವು ದೊರೆಯುತ್ತದೆ.

ಒಂದು ದಿನ ಗುರಿ ತಪ್ಪಬಹುದು. ನೀರಿನ ಒಂದು ಪಾಳಿ ತಪ್ಪಿತೆಂದು ಯಾರೂ ಕಬ್ಬನ್ನು ಕಿತ್ತುಹಾಕುವುದಿಲ್ಲ. ಮುಂದಿನ ಪಾಳಿಗೆ ನೀರು ಬಿಡುತ್ತಾರೆ. ರೈತ ಬಾಂಧವರು ತಮ್ಮ ಆರೋಗ್ಯದ ವಿಷಯದಲ್ಲಿಯೂ ಹೀಗೆಯೇ ನಡೆದುಕೊಳ್ಳುವುದು ಒಳ್ಳೆಯದು.